ನಾನೂರ ಎಂಬತ್ತರ ಹಕ್ಕಿ ಗಡಿಯಾರ

ಅಂಗಡಿಯವರ ಮುಖ ನೋಡದೆ ಸಾಮಾನು ಕೊಳ್ಳುವುದು ನನ್ನಂಥವನಿಗೆ ಹೇಳಿಸಿದ್ದಲ್ಲ. ಚೌಕಾಸಿ ಎನ್ನುವುದು ಮುಖ ನೋಡಿ ಮಾಡುವ ಕೆಲಸ. ನೇಸರಗಿ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ನಾನು ಮೊದಲು ಒಂದು ಕಾಯನ್ನು ಎತ್ತಿ ಹಿಡಿದು, ಹುಳು ಇರಲಿ ಬಿಡಲಿ, ಹುಳು ಕಂಡವನಂತೆ ಮುಖ ಕಿವಿಚುತ್ತೇನೆ. ಹೇಳಿದ ದರದ ಅರ್ಧಕ್ಕೆ ಕೇಳುತ್ತೇನೆ. ಮಾರುವಾಕೆ "ಏನ್ರಿ ಮಾಸ್ತರ್ರ, ಪುಕಟೆ ಒಯ್ಯಾಕ ಬಂದೀರೇನು?" ಎನ್ನುತ್ತಾಳೆ. ಆಗ ಚೀಲ ಕೊಡವಿ ಎದ್ದು ಹೊರಟುಬಿಡುತ್ತೇನೆ. ಇದೇ ನನ್ನ ಮುಖ್ಯ ಪಟ್ಟು. ನಾಲ್ಕು ಹೆಜ್ಜೆ ಇಡುವುದರೊಳಗೆ ಹಿಂದಿನಿಂದ "ಬರ್ರಿ ಬರ್ರಿ, ತಗೊಂಡ ಹೋಗ್ರಿ, ಏನ್ ಮಾಡೂದು" ಎಂಬ ಕೂಗು ಬರುತ್ತದೆ. ಬರದಿದ್ದರೆ ಸಂತೆಯನ್ನೆಲ್ಲ ಒಂದು ಸುತ್ತು ಹಾಕಿ, ಅಕಸ್ಮಾತ್ ಬಂದವನಂತೆ ಮತ್ತೆ ಅದೇ ಬುಟ್ಟಿಯ ಮುಂದೆ ನಿಲ್ಲುತ್ತೇನೆ. ಅಂದಹಾಗೆ, ಬೈಲಹೊಂಗಲದ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವುದು ನನ್ನ ಉದ್ಯೋಗ. ಆಮದು ಸುಂಕ ಎಂಬ ಪಾಠವನ್ನೂ ವರ್ಷಕ್ಕೊಮ್ಮೆ ಮಾಡುತ್ತೇನೆ. ಇದನ್ನು ಹೇಳದೆ ಬಿಡಬಹುದಿತ್ತು, ಆದರೆ ನನ್ನ ವಿದ್ಯಾರ್ಥಿಗಳು ಯಾರಾದರೂ ಓದಿ ತಾವೇ ಹೇಳಿಯಾರು ಎಂಬ ಭಯ.

ಇಂಟರ್‌ನೆಟ್ಟಿನಲ್ಲಿ ಪರದೇಶದ ಸಾಮಾನು ಸಿಗುತ್ತದೆ ಎಂದು ನಮ್ಮೂರಿಗೆ ಸುದ್ದಿ ಮುಟ್ಟಿದ ಕಾಲ ಅದು. ನನ್ನ ಹೆಂಡತಿ ಗಿರಿಜಾಳ ಅಣ್ಣ ಶಿವಾನಂದ ರಾಮದುರ್ಗ ತಾಲೂಕಿನ ಸಾಲಹಳ್ಳಿಯವನು. ಅವನು ಹೊಸ ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡಿದ್ದ. ಇಂಥ ಸಮಾರಂಭಗಳಲ್ಲಿ ನಾವು ಕೊಡುವ ಉಡುಗೊರೆಗೆ ಆಯೇರಿ ಎನ್ನುತ್ತೇವೆ. ಆಯೇರಿಯನ್ನು ಸುಮ್ಮನೆ ಕೈಗಿಟ್ಟು ಬರುವ ಪದ್ಧತಿ ನಮ್ಮಲ್ಲಿಲ್ಲ. ಮನೆಯ ಹಿರಿಯರೊಬ್ಬರು ಮೈಕು ಹಿಡಿದು, ಯಾರು ಕೊಟ್ಟರು, ಏನು ಕೊಟ್ಟರು ಎಂದು ಊರಿಗೆಲ್ಲ ಕೂಗಿ ಹೇಳುತ್ತಾರೆ. ನಮ್ಮ ಮನೆಯ ವಾಸ್ತುಶಾಂತಿಗೆ ಶಿವಾನಂದ ಆಳೆತ್ತರದ ತಿಜೋರಿ ಹೇರಿಕೊಂಡು ಬಂದಿದ್ದ. ಅದು ಬಾಗಿಲಲ್ಲಿ ಹಿಡಿಯದೆ ಚೌಕಟ್ಟು ಕೆತ್ತಿಸಬೇಕಾಯಿತು.

"ತಿಜೋರಿ ಕೊಟ್ಟಾವ್ಗ ನಾವು ಸ್ಟೀಲ್ ಡಬ್ಬಿ ಹಿಡಕೊಂಡು ಹೋದ್ರ, ನಾ ಮತ್ತ ತವರಮನಿ ಮೆಟ್ಟಲಾ ಹತ್ತಂಗಿಲ್ಲ ನೋಡ್ರಿ" ಎಂದಳು ಗಿರಿಜಾ. ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಅಣ್ಣನ ಹೆಂಡತಿ ಹಿಂದೊಮ್ಮೆ "ಮಾಸ್ತರ್ರ ಕೈ ಸ್ವಲ್ಪ ಬಿಗಿ" ಎಂದಿದ್ದು ಅವಳ ಮನಸ್ಸಿನಲ್ಲಿ ಹಾಗೇ ಉಳಿದಿತ್ತು. ಆ ಮಾತು ನನಗೇನೂ ನಾಟಿರಲಿಲ್ಲ, ನಿಜವಾದ ಮಾತು ನಾಟುವುದಿಲ್ಲ. ಆದರೆ ಹೆಂಡತಿ ತವರಿನಲ್ಲಿ ತಲೆ ತಗ್ಗಿಸುವುದು ಬೇಡ ಎಂದು ಮನಸಾರೆ ಅನ್ನಿಸಿತು.

ಬಸ್ ಸ್ಟ್ಯಾಂಡಿನ ಎದುರು ಸೈಬರ್ ಕೆಫೆ ಇಟ್ಟಿದ್ದ ಮಹಾಂತೇಶ ನನ್ನ ಹಳೆಯ ವಿದ್ಯಾರ್ಥಿ. ಅವನೇ ಪರದೇಶದ ಸಣ್ಣ ಅಂಗಡಿಯೊಂದರ ವೆಬ್‌ಸೈಟು ತೆಗೆದು, ಗಂಟೆಗೊಮ್ಮೆ ಕಟ್ಟಿಗೆಯ ಹಕ್ಕಿ ಬಾಗಿಲು ತೆರೆದು ಹೊರಬಂದು ಕೂಗುವ ಗೋಡೆ ಗಡಿಯಾರ ತೋರಿಸಿದ. ಬೆಲೆ ನೂರು ಡಾಲರ್. ನನಗೆ ಒಪ್ಪಿಗೆಯಾಯಿತು. ಒಪ್ಪಿಗೆಯಾದದ್ದನ್ನು ತೋರಿಸಬಾರದೆಂದು ಮುಖ ಕಿವಿಚಿದೆ. ಆಮೇಲೆ ಕುರ್ಚಿ ಸರಿಸಿ ಎದ್ದು ಹೊರಟೆ.

"ಯಾಕ್ರಿ ಸರ್, ಬ್ಯಾಡೇನ್ರಿ?"

"ಬೇಕೋ. ಎದ್ದ ಹೊಂಟ್ರ ಕಡಿಮಿ ಮಾಡ್ತಾರ."

ಮಹಾಂತೇಶ ನನ್ನನ್ನು ಒಂದು ಥರಾ ನೋಡಿದ. ಗುರುಗಳೆಂಬ ಮರ್ಯಾದೆಗೆ ಬಾಗಿಲ ತನಕ ಬಂದು ಕಳಿಸಿದ. ಮನೆಯಲ್ಲಿ ಗಿರಿಜಾ "ಕರದ್ರೇನು?" ಎಂದು ಕೇಳಿದಾಗ "ಕರೀತಾರ ತಡಿ" ಎಂದೆ. ಒಂದು ವಾರ ಆ ಕಡೆ ತಲೆ ಹಾಕಲಿಲ್ಲ. ವಾರದ ಮೇಲೆ ಹೋಗಿ ನೋಡಿದರೆ ಬೆಲೆ ನೂರಿಪ್ಪತ್ತಾಗಿತ್ತು. ಜೀವಮಾನದಲ್ಲಿ ಮೊದಲ ಸಲ, ಎದ್ದು ಹೋದದ್ದಕ್ಕೆ ದರ ಏರಿತ್ತು! ಇನ್ನೊಂದು ಸುತ್ತು ಹಾಕಿ ಬರಲು ಧೈರ್ಯ ಸಾಲಲಿಲ್ಲ. ಬ್ಯಾಂಕಿನವರು ಒತ್ತಾಯ ಮಾಡಿ ಕೊಟ್ಟಿದ್ದ ಕಾರ್ಡಿನ ನಂಬರು ಹೊಡೆದು ಕೊಂಡುಬಿಟ್ಟೆ.

ಇಷ್ಟಕ್ಕೇ ಬಿಟ್ಟಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ. ನಮ್ಮ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ಒಂದು ಸೌಜನ್ಯವಿದೆ. ಸೀರೆ ಕೊಂಡು "ಆಯೇರಿಗೆ ಐತ್ರಿ" ಎಂದರೆ ಸಾಕು, ಅಂಗಡಿಯವರು ಕೇಳಿಸಿಕೊಳ್ಳದವರಂತೆ ಇನ್ನೊಂದು ದೊಡ್ಡ ದರದ ಚೀಟಿ ಹಚ್ಚಿ ಕೊಡುತ್ತಾರೆ. ತೆಗೆದುಕೊಳ್ಳುವವರಿಗೂ ಇದು ಗೊತ್ತು, ಅವರೂ ಹಾಗೇ ಹಚ್ಚಿಸಿದವರೇ. ಪರದೇಶದ ಅಂಗಡಿಯವನಿಗೂ ಇದೇ ಸೌಜನ್ಯ ಕೇಳಿದರೆ ತಪ್ಪೇನು? ಮಹಾಂತೇಶನ ಪಕ್ಕದಲ್ಲಿ ಕುಳಿತು ಇ-ಮೇಲ್ ಬರೆದೆ: 'ಇದು ನಮ್ಮ ಬೀಗರಿಗೆ ಕೊಡುವ ಮರ್ಯಾದೆಯ ವಸ್ತು, ದಯವಿಟ್ಟು ಡಬ್ಬಿಯ ಮೇಲೆ ಬೆಲೆ ನಾನೂರ ಎಂಬತ್ತು ಡಾಲರ್ ಎಂದು ಬರೆಯಿರಿ.' ಐನೂರು ಎಂದರೆ ಸುಳ್ಳು ಎದ್ದು ಕಾಣುತ್ತದೆ, ನಾನೂರ ಎಂಬತ್ತರಲ್ಲಿ ಒಂದು ಪ್ರಾಮಾಣಿಕತೆ ಇದೆ. ಅವನಿಂದ ಉತ್ತರ ಬಂತು: 'ಕಡಿಮೆ ಬರೆಯಿರಿ ಎಂದು ಕೇಳುವವರು ಬಹಳ ಜನ, ಹೆಚ್ಚು ಬರೆಯಿರಿ ಎಂದವರು ನೀವೊಬ್ಬರೇ. ವಿಚಾರ ಮಾಡಿ ಹೇಳುತ್ತಿದ್ದೀರಾ?' ಹೌದು, ವಿಚಾರ ಮಾಡಿಯೇ ಹೇಳುತ್ತಿದ್ದೇನೆ ಎಂದು ಬರೆದೆ. ಪಾಪ, ಅವನಿಗೆ ಬೀಗರಿಲ್ಲ ಎಂದು ಮರುಕವೂ ಆಯಿತು.

ವಾಸ್ತುಶಾಂತಿಗೆ ಎರಡು ದಿನ ಉಳಿದಾಗ ಪೋಸ್ಟಿನವರು ಪಾರ್ಸೆಲ್ ತಂದರು. ಡಬ್ಬಿಯ ಮೇಲೆ ಮುತ್ತಿನಂಥ ಅಕ್ಷರಗಳಲ್ಲಿ 480 ಎಂದು ಬರೆದಿತ್ತು. ಗಿರಿಜಾ ಸೆರಗಿನಿಂದ ಅದನ್ನು ಒರೆಸಿ ಒರೆಸಿ ನೋಡಿದಳು. "ಇದರ ಮ್ಯಾಲ ಟ್ಯಾಕ್ಸ್ ಐತ್ರಿ ಸರ್" ಎಂದು ಪೋಸ್ಟಿನವರು ರಸೀದಿ ಮುಂದೆ ಹಿಡಿದರು. ಕಸ್ಟಮ್ಸ್‌ನವರು ಡಬ್ಬಿಯ ಮೇಲಿನ ಬೆಲೆಗೇ ಸುಂಕ ಹಾಕಿದ್ದರು. ಸುಂಕವೇ ಗಡಿಯಾರದ ಅಸಲು ಬೆಲೆಗಿಂತ ಹೆಚ್ಚಾಗಿತ್ತು. ಘೋಷಿಸಿದ ಮೌಲ್ಯದ ಮೇಲೆ ಸುಂಕ ಬೀಳುತ್ತದೆ ಎಂಬ ವಾಕ್ಯವನ್ನು ನಾನೇ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆಯುತ್ತಾ ಬಂದವನು.

"ಖರೇ ಬಿಲ್ ಇದ್ರ ಅರ್ಜಿ ಹಾಕ್ರಿ, ಕಡಿಮಿ ಮಾಡ್ತಾರ. ಒಂದು ತಿಂಗಳು ಹಿಡೀತೈತಿ" ಎಂದರು ಪೋಸ್ಟಿನವರು. ಎದ್ದು ಹೊರಡುವ ಪಟ್ಟು ಇಲ್ಲಿ ನಡೆಯುವಂತಿರಲಿಲ್ಲ, ನಾನು ನಿಂತಿದ್ದದ್ದು ನನ್ನದೇ ಮನೆಯ ಬಾಗಿಲಲ್ಲಿ. ಗಿರಿಜಾ ನನ್ನ ಮುಖ ನೋಡುತ್ತಿದ್ದಳು. ಒಳಗೆ ಹೋಗಿ ತಿಜೋರಿ ತೆರೆದೆ. ಮುಚ್ಚಿದಾಗ ಅದರಲ್ಲಿ ಕಾಯುವಂಥದ್ದೇನೂ ಉಳಿದಿರಲಿಲ್ಲ.

ಸಾಲಹಳ್ಳಿಯಲ್ಲಿ ಪೆಂಡಾಲಿನ ತುಂಬ ಮಂದಿ. ಡಬ್ಬಿಯನ್ನು ಬೆಲೆ ಕಾಣುವಂತೆ ಮುಂದೆ ಮಾಡಿ ಇಟ್ಟೆವು. ಗಿರಿಜಾ ಮುಂದಿನ ಸಾಲಿನಲ್ಲಿ, ಅತ್ತಿಗೆಯ ಪಕ್ಕದಲ್ಲೇ ಜಾಗ ಹಿಡಿದಳು. ನಾನು ಅವಳ ಹಿಂದೆ ಕುಳಿತೆ. ಮೈಕು ಹಿಡಿದದ್ದು ಶಿವಾನಂದನ ಕಾಕಾ. ಅವರು ಚಾಳೀಸು ಏರಿಸಿ ಡಬ್ಬಿಯನ್ನು ಮೇಲಿಂದ ಕೆಳಗೆ ಓದಿದರು. ಆ ಇಂಗ್ಲಿಷಿನಲ್ಲಿ ಅವರಿಗೆ ತಿಳಿದದ್ದು ಅಂಕಿಯೊಂದೇ.

"ಬೈಲಹೊಂಗಲದ ಅಳಿಯಂದ್ರು, ಕಾಲೇಜ ಮಾಸ್ತರ್ರು, ನಾನೂರಾ ಎಂಬತ್ತ ರೂಪಾಯಿದ ಗಡಿಯಾರ!"

ಕಾಕಾ ಸ್ವರವನ್ನೇನೂ ಇಳಿಸಲಿಲ್ಲ, ತಿಜೋರಿಗೆ ಕೂಗುವಷ್ಟೇ ಗಟ್ಟಿಯಾಗಿ ಕೂಗಿದರು. ಅತ್ತಿಗೆ ಸೆರಗು ಬಾಯಿಗೆ ಹಿಡಿದದ್ದು ನನಗೆ ಕಂಡಿತು. ಗಿರಿಜಾ ತಿರುಗಿದಳು, ಮುಖ ಕೆಂಪಾಗಿತ್ತು. "ಡಾಲರ್ ಅಂತ ಹೇಳ್ರಿ! ಎದ್ದ ನಿಂದರ್ರಿ, ಹೇಳ್ರಿ!"

ನಾನು ಎದ್ದು ನಿಂತೆ. ಕಾಕಾ ಮೈಕನ್ನು ನನ್ನ ಕಡೆ ಚಾಚಿದರು. ಆಗ ತಲೆಗೆ ಹೊಳೆಯಿತು. ಡಾಲರ್ ಎಂದರೆ ಆಗಷ್ಟೇ ಪೂಜೆಯಾದ ದೇವರ ಮುಂದೆ, ಅದೂ ಮೈಕಿನಲ್ಲಿ, ಸುಳ್ಳು ಹೇಳಿದಂತಾಗುತ್ತದೆ. ನಿಜ ಹೇಳೋಣವೆಂದರೆ ಇದ್ದ ನಾನೂರ ಎಂಬತ್ತೂ ಹೋಗಿ ನೂರಿಪ್ಪತ್ತಕ್ಕೆ ಇಳಿಯುತ್ತದೆ. ಡಾಲರಿಗೆ ಎಷ್ಟು ರೂಪಾಯಿ ಎಂಬ ಲೆಕ್ಕವನ್ನು ಊಟಕ್ಕೆ ಕಾದು ಕುಳಿತ ಆ ಪೆಂಡಾಲಿಗೆ ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ. "ಎಲ್ಲಾರ್ಗೂ ಛಲೋ ಆಗ್ಲಿ" ಎಂದು ಹೇಳಿ ಕುಳಿತುಬಿಟ್ಟೆ. ಗಿರಿಜಾ ಮತ್ತೆ ತಿರುಗಿ ನೋಡಲಿಲ್ಲ. ಅವಳ ತಗ್ಗಿದ ತಲೆ ನೋಡಿ ನನಗೆ ನಿಜಕ್ಕೂ ಬಹಳ ಕೆಟ್ಟದೆನಿಸಿತು.

ಊಟದ ಪಂಕ್ತಿಯಲ್ಲಿ ಶಿವಾನಂದ ತಾನೇ ಬಂದು, ಬೇಡವೆಂದರೂ ನನಗೆ ಇನ್ನೊಂದು ಹೋಳಿಗೆ ಹಾಕಿದ. "ರೇಟಿಂದೇನೈತಿ ಬಿಡ್ರಿ ಮಾಸ್ತರ್ರ. ನಿಮ್ಮ ಕೈಲಾದಷ್ಟು ಪ್ರೀತಿಲೆ ಕೊಟ್ಟೀರಿ, ಅಷ್ಟ ಸಾಕು" ಎಂದು ಬೆನ್ನು ಸವರಿ ಮುಂದೆ ಹೋದ. ನಾನು ಹೋಳಿಗೆ ತಿನ್ನುತ್ತ ವಿಚಾರ ಮಾಡಿದೆ. ನಾನು ಬರೆಸಿದ ಬೆಲೆಯನ್ನು ಒಂದು ಪ್ರಶ್ನೆಯನ್ನೂ ಕೇಳದೆ ನಂಬಿ, ಅದಕ್ಕೆ ತಕ್ಕ ಮರ್ಯಾದೆ ಕೊಟ್ಟವರು ಈ ಭೂಮಿಯ ಮೇಲೆ ಕಸ್ಟಮ್ಸ್‌ನವರು ಮಾತ್ರ.