ಮೇಷ್ಟ್ರ ಮಾತು ಕೇಳದವರು

ಕಥೆ ಬರೆಯುವವರ ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುವವನಿಗೆ ನಗುವುದಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ. ಐವತ್ತರ ದಶಕದ ಕೊನೆಯಲ್ಲಿ, ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ಶಾಲೆಯೊಂದರಲ್ಲಿ ನಾನು ಲೆಕ್ಕದ ಮೇಷ್ಟ್ರು, ಪಕ್ಕದ ಕುರ್ಚಿಯವರು ಕನ್ನಡ ಮೇಷ್ಟ್ರು. ಬಂಗಾರಪೇಟೆಯ ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದರು. ನನ್ನ ಮನೆ ಅಲ್ಲೇ ಇದ್ದುದರಿಂದ ಪ್ರತಿ ಕಂತನ್ನೂ ರೈಲಿನಲ್ಲಿ ಒಯ್ದು ಸಂಪಾದಕರಿಗೆ ಮುಟ್ಟಿಸುವ ಕೆಲಸ ನನ್ನದು. ಅಂಥ ಬರಹಗಾರರನ್ನು ನಾನು ಮತ್ತೆ ನೋಡಲಿಲ್ಲ. ತಾವೇ ಹುಟ್ಟಿಸಿದ ಪಾತ್ರಗಳಿಗೆ ಅಷ್ಟು ಹೆದರುವವರನ್ನೂ ನೋಡಲಿಲ್ಲ.

ಮಳೆಯಲ್ಲಿ ನಿಂತ ಸೊಸೆ

ಒಂದು ಕಂತಿನ ಕೊನೆಯಲ್ಲಿ ಅತ್ತೆ ಸೊಸೆಯನ್ನು ಮಳೆಗೆ ನೂಕಿ ಬಾಗಿಲು ಹಾಕಿಕೊಂಡಳು. ಮೇಷ್ಟ್ರ ಮನೆಗೆ ಹಾಲು ತರುತ್ತಿದ್ದ ಹಳ್ಳಿಯ ಅಜ್ಜಿಗೆ ಮೇಷ್ಟ್ರ ಹೆಂಡತಿ ಕಥೆಯನ್ನು ಓದಿ ಹೇಳುವುದು ರೂಢಿ. ಮಾರನೆಯ ದಿನ ಅಜ್ಜಿ ಹಾಲು ಅಳೆಯದೆ ಮೇಷ್ಟ್ರನ್ನೇ ಕರೆಸಿ, ಮುಂದೇನಾಯಿತು ಎಂದು ಕೇಳಿದಳು. ಮುಂದಿನ ವಾರ ಬರುತ್ತದೆ ಎಂದರು ಮೇಷ್ಟ್ರು.

"ಅಲ್ಲೀಗಂಟ ಆ ಹೆಣ್ಮಗ ನೆಂದ್ಕೊಂಡೇ ನಿಂತಿರ್ಬೇಕೇನಪ್ಪ?"

ತಾನೇನು ಮಾಡಲಿ, ಅತ್ತೆ ಬಾಗಿಲು ತೆಗೆಯುತ್ತಿಲ್ಲವಲ್ಲ ಎಂದು ಮೇಷ್ಟ್ರು ಅಲವತ್ತುಕೊಂಡರು.

"ಅಂಗಾರೆ ನಮ್ಮೂರಿಗೆ ಕಳ್ಸು. ನಮ್ಮನೇಲಿ ಮಡಿಕ್ಕೊಂತೀನಿ."

ಮೇಷ್ಟ್ರು ಹಾಕಿಕೊಂಡಿದ್ದ ಯೋಜನೆಯೆಲ್ಲ ಅಲ್ಲಿಗೇ ಮುಗಿಯಿತು. ಮುಂದಿನ ಕಂತಿನಲ್ಲಿ ಸೊಸೆ ಹಾಲು ಮಾರುವ ಮುದುಕಿಯೊಬ್ಬಳ ಮನೆ ಸೇರಿದಳು. ಆ ವಾರವೆಲ್ಲ ಮೇಷ್ಟ್ರ ಮನೆಯ ಹಾಲು ಎಂದೂ ಇಲ್ಲದಷ್ಟು ಗಟ್ಟಿಯಾಗಿತ್ತು.

ಶಿಫ್ಟಿಗೆ ಹೋಗದವನು

ಅದೇ ಕಥೆಯಲ್ಲಿ ನಂದಿದುರ್ಗ ಗಣಿಯ ಕೆಲಸಗಾರನೊಬ್ಬನಿದ್ದ, ಕೂಲಿಗಳ ಸಾಲುಮನೆಗಳಾದ ಲೈನಿನಲ್ಲಿ ವಾಸ. ಬಾಯಿಬಡುಕ, ಆದರೆ ಒಳ್ಳೆಯವನು. ಅವನು ಗಣಿಯೊಳಗೆ ಬಂಡೆ ಸಿಡಿದು ಸಾಯಬೇಕೆಂದು ಮೇಷ್ಟ್ರೂ ಸಂಪಾದಕರೂ ಮೊದಲೇ ಮಾತಾಡಿಕೊಂಡಿದ್ದರು. ನಮ್ಮ ಶಾಲೆಯ ಬಹಳ ಮಕ್ಕಳ ಅಪ್ಪಂದಿರು ಗಣಿಗೆ ಇಳಿಯುವವರು. ಆ ಮುಖಗಳನ್ನು ನೋಡಿ ಬಂದು ಕೊಲ್ಲಲು ಕೂತರೆ ಮೇಷ್ಟ್ರಿಗೆ ಕೈಯೇ ಓಡಲಿಲ್ಲವಂತೆ. ಸಪ್ಪೆ ಮುಖ ಮಾಡಿಕೊಂಡು ಕಂತನ್ನು ನನ್ನ ಕೈಗಿಟ್ಟರು.

ಸಂಪಾದಕರು ಓದಿ ಕನ್ನಡಕ ತೆಗೆದರು. ಬಂಡೆಯೇನೋ ಸಿಡಿದಿದೆ, ಸಾಯಬೇಕಾದವನೆಲ್ಲಿ ಎಂದು ಕೇಳಿದರು. ಆವತ್ತು ಅವನಿಗೆ ಹೊಟ್ಟೆನೋವು, ರಜ ಹಾಕಿದ್ದಾನೆ ಎಂದೆ. ರಜ ಕೊಟ್ಟವರು ಯಾರೆಂದು ಕೇಳಿಕೊಂಡು ಬರಲು ಹೇಳಿದರು.

ಕೇಳಿದೆ. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು. "ನಾನಂತೂ ಕೊಡಲಿಲ್ಲ. ಹೇಳದೆ ಕೇಳದೆ ಮನೇಲಿ ಉಳ್ಕೊಂಡ."

ಬ್ರಹ್ಮನ ಪಾಡು

ಕಾದಂಬರಿ ಮುಗಿದು ಹೆಸರು ಮಾಡಿತು. ಬೆಂಗಳೂರಿನಿಂದ ಪ್ರೊಫೆಸರೊಬ್ಬರು ಬಂದು ನಮ್ಮ ಶಾಲೆಯಲ್ಲಿ ಅದರ ಮೇಲೆ ಭಾಷಣ ಮಾಡಿದರು. ಕೃತಿಯನ್ನು ಓದಲು ಬರಹಗಾರನ ಉದ್ದೇಶ ಬೇಕಿಲ್ಲ ಎನ್ನುವ ಪಂಡಿತರೂ ಈಚೆಗೆ ಹುಟ್ಟಿಕೊಂಡಿದ್ದಾರೆ, ಅದೆಲ್ಲ ಸುಳ್ಳು ಎಂದರು. ಬರಹಗಾರನೇ ಬ್ರಹ್ಮ, ಅವನ ಅಪ್ಪಣೆಯಿಲ್ಲದೆ ಕಥೆಯಲ್ಲಿ ಹುಲ್ಲುಕಡ್ಡಿಯೂ ಅಲ್ಲಾಡದು ಎಂದರು. ಮೇಷ್ಟ್ರು ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಊಟ ಮೇಷ್ಟ್ರ ಮನೆಯಲ್ಲಿ. ಮುದ್ದೆ, ಬಸ್ಸಾರು. ಎಲೆಯ ಮುಂದೆಯೂ ಪ್ರೊಫೆಸರರ ಉತ್ಸಾಹ ಇಳಿದಿರಲಿಲ್ಲ. ಮೇಷ್ಟ್ರ ಹೆಂಡತಿ ಬಡಿಸಲು ಬಂದಾಗ, "ಅಮ್ಮಾ, ನಿಮ್ಮ ಯಜಮಾನರು ಸಾಕ್ಷಾತ್ ಬ್ರಹ್ಮ" ಎಂದರು.

ಆಕೆ ಸೌಟು ಹಿಡಿದುಕೊಂಡೇ ಗಂಡನ ಕಡೆ ನೋಡಿದರು. ಆ ನೋಟದಲ್ಲಿದ್ದ ಹೆಮ್ಮೆಯನ್ನು ನಾನೂ ಕಂಡೆ.

"ಇದ್ರೂ ಇರಬೌದು ಸಾರ್," ಎಂದರು ಸಾರು ಬಡಿಸುತ್ತಾ. "ಆ ಬ್ರಹ್ಮನ ಕತೇನೂ ಹಿಂಗೇ ಅಲ್ವಾ? ಎಲ್ಲಾರ್ನೂ ಹುಟ್ಟಿಸ್ದ. ಒಬ್ರೂ ಅವನ ಮಾತು ಕೇಳಲಿಲ್ಲ. ಕೊನೆಗೆ ಅವನಿಗೊಂದು ಗುಡೀನೂ ಕಟ್ಟಲಿಲ್ಲ."