ಅಳತೆ ಮೀರಿದ ಹೊಳೆ

ಅಳತೆಯ ಟೇಪಿಗೆ ಎರಡು ತುದಿ ಇರುವುದೇ ಸಿದ್ದರಾಮುವಿನ ಅವತ್ತಿನ ಕಷ್ಟಕ್ಕೆಲ್ಲ ಮೂಲ. ಒಂದನ್ನು ತಾನು ಹಿಡಿಯಬಹುದು. ಹೊಳೆಯ ಆಚೆ ದಡದಲ್ಲಿ ಇನ್ನೊಂದನ್ನು ಹಿಡಿಯಬೇಕಾದ ಸಹಾಯಕ ಅತೀಕ್, ಹಲ್ಲುನೋವೆಂದು ಬೆಳಿಗ್ಗೆಯೇ ಫೋನ್ ಮಾಡಿ ರಜೆ ಹಾಕಿದ್ದ.

ಆದರೂ ಸಿದ್ದರಾಮು ಖುಷಿಯಾಗಿಯೇ ಬಸ್ಸಿಳಿದ. ರಾಮನಗರದ ಆಫೀಸಿನಲ್ಲಿ ಫ್ಯಾನಿನ ಕೆಳಗೊಂದು ಕುರ್ಚಿ ಖಾಲಿಯಾಗಿತ್ತು. "ಇದೊಂದು ಹೊಳೆಯ ಅಗಲ, ಆಳ, ನೀರಿನ ವೇಗ ಮಧ್ಯಾಹ್ನ ಮೂರು ಗಂಟೆಯೊಳಗೆ ಸರಿಯಾಗಿ ಕೊಡಯ್ಯ, ಆಮೇಲೆ ನೀನು ಆಫೀಸಿನಲ್ಲೇ ಇರು" ಎಂದಿದ್ದರು ಇಂಜಿನಿಯರ್ ಜಯಕುಮಾರ್, ಚಳಿಗೆ ಸ್ಟಾರ್ಟ್ ಆಗದ ಟ್ರ್ಯಾಕ್ಟರಿನಂತೆ ಗಂಟಲು ಗುರುಗುಟ್ಟಿಸುತ್ತ. ಹನ್ನೆರಡು ವರ್ಷ ಹಳ್ಳಕೊಳ್ಳಗಳಲ್ಲಿ ನೆನೆದ ಸಿದ್ದರಾಮುವಿನ ಪಾದಗಳು ಆ ಕ್ಷಣವೇ ಒಣಗಿದಂತಾಗಿದ್ದವು.

ವಿರೂಪಾಕ್ಷಿಪುರದಾಚೆಯ ಆ ಹೊಳೆಯಲ್ಲಿ ಬೋರಲಿಂಗಯ್ಯ ಎಮ್ಮೆಯ ಮೈ ತಿಕ್ಕುತ್ತಿದ್ದ.

"ಯಾತಕ್ ಸಾ ಅಳೀತಿರಾದು?"

"ಸೇತುವೆಗೆ, ಯಜಮಾನ್ರೆ."

ಅಷ್ಟೇ ಸಾಕಾಯಿತು. ಎಮ್ಮೆ ಅರ್ಧ ಕಪ್ಪು, ಅರ್ಧ ಕೆಸರಾಗಿ ಅಲ್ಲೇ ಉಳಿಯಿತು. ಬೋರಲಿಂಗಯ್ಯನ ಹಿಪ್ಪುನೇರಳೆ ತೋಟ ಆಚೆ ದಡದಲ್ಲಿತ್ತು. ಮಳೆಗಾಲದಲ್ಲಿ ಅಲ್ಲಿಗೆ ನಾಲ್ಕು ಮೈಲಿ ಸುತ್ತು. ಪಂಚಾಯ್ತಿ ಮೆಂಬರ್ ಭಾನುಪ್ರಿಯ ಸ್ಕೂಟರಿನಲ್ಲಿ ಬಂದಳು. ಒಣಗಿದ ತೆಂಗಿನಕಾಯಿ ಕಂಕುಳಲ್ಲಿಟ್ಟುಕೊಂಡು ಮುನಿಯಮ್ಮಜ್ಜಿಯೂ ಬಂದಳು.

"ಚಿಕ್ ಒಳೆಗೆ ಯಾರ್ ಸೇತ್ವೆ ಕಟ್ಟಾರು?" ಬೋರಲಿಂಗಯ್ಯ ಅವರಿಬ್ಬರ ಕಿವಿಯಲ್ಲಿ ಪಿಸುಗುಟ್ಟಿದ. "ಒಂದ್ ತೆಂಗಿನ್ಮರ ಅಡ್ಡ ಆಕ್ಕಳಿ ಅಂತಾರೆ. ನಮ್ಮೊಳೆ ಒಸಿ ದೊಡ್ದಾಗ್ಬೇಕು."

ಆಮೇಲೆ ಟೇಪಿನ ತುದಿ ಹಿಡಿದು ಹೊಳೆ ದಾಟಿದ, ಪೊದೆಯೊಳಗೆ ಮಾಯವಾದ. ಟೇಪು ಮಾತ್ರ ಹಾವಿನಂತೆ ಹೋಗುತ್ತಲೇ ಇತ್ತು.

"ಸಾಕು ನಿಲ್ಲಿ, ಯಜಮಾನ್ರೆ!"

"ದಡ ಇನ್ನೂ ಬಂದಿಲ್ಲ ಸಾ!" ಪಕ್ಕದೂರಿನಿಂದ ಬಂದಂತಿತ್ತು ದನಿ.

ಮೂವತ್ತೊಂದು ಮೀಟರ್. ಸಿದ್ದರಾಮು ಅಳತೆ ಪುಸ್ತಕದಲ್ಲಿ ಬರೆದುಕೊಂಡ. ಆಳ ನೋಡಲು ಕೊಟ್ಟ ಅಳತೆಕೋಲನ್ನು, ಹೊಳೆಗೆ ವಾಪಸ್ ಬಂದ ಬೋರಲಿಂಗಯ್ಯ ಚಪ್ಪರದ ಕಂಬದಂತೆ ಕೆಸರಿಗೆ ಒತ್ತಿದ.

"ನೀರು ನಿಮ್ಮ ಮೊಣಕಾಲಿಗಿದೆ. ಕೋಲು ಒಂದೂವರೆ ಮೀಟರ್ ತೋರಿಸ್ತಿದೆಯಲ್ಲ?"

"ನಾನ್ ಒಸಿ ಉದ್ದ ಸಾ."

ಇನ್ನು ವೇಗ. ಹತ್ತು ಮೀಟರ್ ಅಂತರದಲ್ಲಿ ಎರಡು ಕಡ್ಡಿ ನೆಟ್ಟ ಸಿದ್ದರಾಮು, ಮೇಲಿನ ಕಡ್ಡಿಯ ಬಳಿ ತೆಂಗಿನಕಾಯಿ ತೇಲಿಬಿಟ್ಟರೆ ಕೆಳಗಿನದಕ್ಕೆ ಎಷ್ಟು ಸೆಕೆಂಡಿಗೆ ಬರುತ್ತದೋ ನೋಡಬೇಕೆಂದು ವಿವರಿಸಿದ. "ಮೆತ್ತಗೆ ಬಿಡಿ ಅಜ್ಜಿ" ಎಂದು ಕೆಳಗಿನ ಕಡ್ಡಿಯ ಬಳಿ ವಾಚು ಹಿಡಿದು ನಿಂತ.

ಅಜ್ಜಿ ಸೆರಗು ಸಿಕ್ಕಿಸಿ ಬೀಸಿ ಎಸೆದಳು. ಕಾಯಿ ಏಳು ಮೀಟರ್ ಗಾಳಿಯಲ್ಲಿ, ಮೂರು ಮೀಟರ್ ನೀರಿನಲ್ಲಿ ಬಂದು ಸಿದ್ದರಾಮುವಿನ ಮುಖಕ್ಕೆ ನೀರೆರಚಿತು.

"ನೋಡ್ದಾ ಮಗ, ನಮ್ಮೊಳೆ ರಭಸ!"

ಸಿದ್ದರಾಮು ಕನ್ನಡಕ ಒರೆಸಿಕೊಂಡ. ಕಣ್ಣು ತಿಳಿಯಾದ ಮೇಲೆ ತಲೆಯೂ ತಿಳಿಯಾಯಿತು. ಪುಸ್ತಕವನ್ನು ಬಂಡೆಯ ಮೇಲಿಟ್ಟು, ಟೇಪಿನ ಜಾಡು ಹಿಡಿದು ನಡೆದ. ಪೊದೆ ದಾಟಿತು, ಹಿಪ್ಪುನೇರಳೆ ದಾಟಿತು. ಟೇಪಿನ ತುದಿ ದನದ ಕೊಟ್ಟಿಗೆಯ ಕಂಬದಲ್ಲಿ ಗಂಟು ಬಿದ್ದಿತ್ತು. ಒಂದು ಕರು ಅದನ್ನು ನೆಕ್ಕುತ್ತಿತ್ತು.

"ಇದೇನ್ರೀ?" ಎಂದ, ಹಿಂದೆಯೇ ಬಂದಿದ್ದ ಬೋರಲಿಂಗಯ್ಯನತ್ತ ತಿರುಗಿ.

"ಮಳೆ ಜೋರಾದ್ರೆ ಇಲ್ಗಂಟ ಬತ್ತದೆ ಸಾ. ಮುಂದೆ ಬರೋ ನೀರ್ನ ಇವತ್ತೇ ಅಳ್ಕಂಡ್ರೆ ಏನ್ ತಪ್ಪು?"

 ಸಿದ್ದರಾಮು ಟೇಪನ್ನು ಆಚೆ ದಡದ ಮರಕ್ಕೇ ಕಟ್ಟಿ, ಕೋಲು ತಾನೇ ಹಿಡಿದು, ಕಾಯಿ ತಾನೇ ತೇಲಿಬಿಟ್ಟು ಅದರ ಜೊತೆಗೇ ನೀರಿನಲ್ಲಿ ಓಡಿದ. ಅಗಲ ಹದಿನಾಲ್ಕು ಮೀಟರ್. ಆಳ ಮೊಣಕಾಲುದ್ದ. ಕಾಯಿಗೆ ಇಪ್ಪತ್ತೈದು ಸೆಕೆಂಡ್. ಗಂಟೆ ಎರಡೂವರೆ! ಹೆಮ್ಮೆಯಿಂದ ಸಾಹೇಬರಿಗೆ ಫೋನ್ ಮಾಡಿ, ಕೈ ಒದ್ದೆಯಿದ್ದುದರಿಂದ ಸ್ಪೀಕರ್ ಹಾಕಿದ.

"ಗುರ್‍ರ್… ಹದಿನಾಲ್ಕಾ? ಹನ್ನೊಂದು ಗಂಟೆಗೆ ಮೂವತ್ತೊಂದು ಅಂತ ಫೋಟೋ ಬಂತಲ್ಲಯ್ಯ!"

ಸಿದ್ದರಾಮು ತಿರುಗಿ ನೋಡಿದ. ಭಾನುಪ್ರಿಯ ನಾಚಿ ನಕ್ಕಳು. "ಬಂಡೆ ಮೇಲಿದ್ದ ಪುಸ್ತಕದ ಫೋಟೋ ನಾನೇ ಕಳಿಸ್ಬುಟ್ಟೆ ಸಾರ್. ಕೆಲ್ಸ ಬೇಗ ಆಗ್ಲಿ ಅಂತ."

"ಸಾರ್, ಅದು ಹೊಳೆಯಲ್ಲ, ಕೊಟ್ಟಿಗೆ…"

"ನೋಡಯ್ಯ, ಇಪ್ಪತ್ತು ಮೀಟರ್ ದಾಟಿದರೆ ನಮ್ಮ ಯೋಜನೆಯಲ್ಲಿ ಸೇತುವೆ ಇಲ್ಲ. ಒಂದೇ ದಿನದಲ್ಲಿ ಇಷ್ಟು ಹಿಗ್ಗಿ ಕುಗ್ಗುವ ಹೊಳೆ ಮೇಲೆ ನಾನು ಸಹಿ ಹಾಕಲ್ಲ. ಒಂದು ವರ್ಷ ದಿನಾ ಅಳಿ. ಅಲ್ಲೇ ರೂಮು ಮಾಡು." ಫೋನಿನೊಳಗಿನ ಟ್ರ್ಯಾಕ್ಟರ್ ಆಫ್ ಆಯಿತು.

ಸಿದ್ದರಾಮು ದಡದಲ್ಲಿ ಕುಸಿದು ಕುಳಿತ. ಮುನಿಯಮ್ಮಜ್ಜಿ ಬಿಸಿ ಮುದ್ದೆ, ಅವರೆಕಾಳು ಸಾರು ತಂದಿಟ್ಟಳು. "ಉಣ್ಣು ಮಗ. ವರ್ಷವೆಲ್ಲ ನಮ್ಮನೇಲೇ ಉಣ್ಣುವಂತೆ." ಮುದ್ದೆ ಎಷ್ಟು ಮೃದುವಾಗಿತ್ತೆಂದರೆ ಎರಡನೆಯ ತುತ್ತಿಗೆ ಅರ್ಧ ದುಃಖ ಇಳಿದುಹೋಯಿತು.

ಮೂರನೆಯ ತುತ್ತಿಗೆ ದಡ ನಡುಗಿತು. ಎರಡು ಟ್ರ್ಯಾಕ್ಟರ್ ಲೋಡು ಮಣ್ಣು ಹೊಳೆಯೊಳಗೆ ದಬದಬನೆ ಬಿತ್ತು. ಧೂಳಿನ ನಡುವೆ ಬೋರಲಿಂಗಯ್ಯ ಗುದ್ದಲಿ ಹಿಡಿದು ನಗುತ್ತ ನಿಂತಿದ್ದ.

"ಯಜಮಾನ್ರೆ, ಏನ್ರೀ ಮಾಡ್ತಿದೀರಿ?"

"ಚಿಕ್ಕ ಒಳೆಗೇ ಸೇತ್ವೆ ಅಂದ್ರಲ್ಲ ನಿಮ್ ಸಾಯೇಬ್ರು! ನಾಳೆ ಬೆಳಿಗ್ಗೆ ಅಳ್ಯಕ್ಕೆ ನಿಮ್ಗೆ ಎಷ್ಟ್ ಮೀಟ್ರು ಬೇಕು, ಈಗ್ಲೇ ಏಳ್ಬುಡಿ ಸಾ."