ಹಲ್ಲಿನ ಪೆಡಲ್ಲಿನ ಪರವಾಗಿ

ಇಂದ:
ಪೂವಮ್ಮ, ಎಸ್.ಎಸ್.ಎಲ್.ಸಿ. (ಮೊದಲ ಸಲಕ್ಕೇ ಪಾಸು),
ಗ್ರಾಮಸೇವಿಕೆ, ಕಕ್ಕಬೆ ವೃತ್ತ,
ಕೊಡಗು ಜಿಲ್ಲೆ, ಮೈಸೂರು ರಾಜ್ಯ.

ಗೆ:
ಅಭಿವೃದ್ಧಿ ಅಧಿಕಾರಿಗಳು,
ಬೆಟ್ಟಸಾಲು ಅಭಿವೃದ್ಧಿ ಬ್ಲಾಕ್, ಮಡಿಕೇರಿ.

ದಿನಾಂಕ: ಸೆಪ್ಟೆಂಬರ್ 1958, ಕೈಲ್ ಮುಹೂರ್ತದ ಹಬ್ಬ ಕಳೆದ ವಾರ.

ವಿಷಯ: ಸರ್ಕಾರಿ ಸೈಕಲ್ಲನ್ನು ನನ್ನಿಂದ ಹಿಂಪಡೆದು ಗ್ರಾಮಸೇವಕ ಶ್ರೀ ನಾಣಯ್ಯನವರಿಗೆ ಕೊಡುವ ಆಜ್ಞೆಯನ್ನು ರದ್ದುಪಡಿಸುವ ಬಗ್ಗೆ, ಹಾಗೂ ರಬ್ಬರ್ ಪೆಡಲ್, ಹಲ್ಲಿನ ಪೆಡಲ್ ಮತ್ತು ಒಂದು ಬಿಳಿ ಹುಂಜದ ಬಗ್ಗೆ.

ಉಲ್ಲೇಖ: 1) "ಮಹಿಳೆಯರು ಗುಡ್ಡದ ದಾರಿಯಲ್ಲಿ ಸೈಕಲ್ ತುಳಿಯಲು ಅಸಮರ್ಥರೆಂದು ಕಂಡುಬಂದಿರುತ್ತದೆ" ಎಂಬ ತಮ್ಮ ಮೆಮೊ.
2) ಸದರಿ ಮೆಮೊವನ್ನು ತಮ್ಮ ಜವಾನನು ನನಗೆ ಕೊಡುವ ಮೊದಲು ಕಕ್ಕಬೆಯ ಚಾದಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಓದಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕಾಗಿ ತಮ್ಮ ಅಮೂಲ್ಯ ಸಮಯವನ್ನು ತೆಗೆದುಕೊಳ್ಳುತ್ತಿರುವುದಕ್ಕೆ ನನಗೆ ವಿಷಾದವಿಲ್ಲ. ಆ ಸಮಯವನ್ನು ತಾವು ಬೇರೆ ಯಾವುದಕ್ಕೆ ಬಳಸುತ್ತೀರೆಂಬುದನ್ನು ಕಚೇರಿಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ನೋಡಿದ್ದೇನೆ.

1. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮಗೆ ಏನು ಬೇಕೆಂಬುದನ್ನು ಬೆಂಗಳೂರಿನವರೇ ತೀರ್ಮಾನಿಸುವ ಏರ್ಪಾಡಾಗಿರುತ್ತದೆ. ಆದಕಾರಣ, ನಮ್ಮ ಬ್ಲಾಕಿಗೆ ಬಂದ ಸೈಕಲ್ಲುಗಳಿಗೆ ರಬ್ಬರಿನ ಪೆಡಲ್ ಇದ್ದವು. ನೋಡಲು ಬಹಳ ಚೆಂದ. ಬೆಂಗಳೂರಿನ ಟಾರು ರಸ್ತೆಯಲ್ಲಿ ಬೂಟು ಹಾಕಿಕೊಂಡು, ಮನೆಯಿಂದ ಕ್ಲಬ್ಬಿಗೆ ಹೋಗುವವರಿಗೆ ಇನ್ನೂ ಚೆಂದ. ಕಕ್ಕಬೆಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಚಪ್ಪಲಿಯ ಅಡಿಗೆ ಕೆಸರು, ಕೆಸರಿನ ಅಡಿಗೆ ರಬ್ಬರು. ಏರಿನಲ್ಲಿ ಎದ್ದು ನಿಂತು ತುಳಿದರೆ ಕಾಲು ಜಾರಿ ಸೀದಾ ನೆಲಕ್ಕೆ, ಮೊಣಕಾಲು ಹ್ಯಾಂಡಲ್ಲಿಗೆ. ಇಳಿಜಾರಿನಲ್ಲಿ ಏನಾಗುತ್ತದೆಂಬುದು ಕಲಂ 5ರಲ್ಲಿ ಬರುತ್ತದೆ.

2. ಆದ್ದರಿಂದ ನಾನು ಸ್ವಂತ ಖರ್ಚಿನಲ್ಲಿ ಬೇರೆ ಪೆಡಲ್ ಹಾಕಿಸಲು ಮಡಿಕೇರಿಯ ಸೈಕಲ್ ಶಾಪಿಗೆ ಹೋದೆನು. ಶಾಪಿನ ಮಾಲೀಕರಾದ ಕಾಕ ಮೊದಲು ಪಟ್ಟಿ ಇರುವ ಒಂದು ಜೊತೆ ತೋರಿಸಿದರು. ಅದರಲ್ಲಿ ಪಾದವನ್ನು ಕಟ್ಟಿಹಾಕಬೇಕಂತೆ. "ರೇಸಿನವ್ರು ಇದೇ ಇಡೋದು ಅಕ್ಕ, ಕಾಲು ಎಲ್ಲಿಗೂ ಹೋಗೂಲ" ಎಂದರು. ಬಿದ್ದರೆ? "ಬಿದ್ರೆ ಸೈಕಲ್ಲೂ ಒಟ್ಟಿಗೇ ಬರ್ತದೆ" ಎಂದರು. ಹೊಳೆಯೊಳಗೂ ಸೈಕಲ್ ಒಟ್ಟಿಗೆ ಬರುವುದು ಬೇಡವೆಂದು ಅದನ್ನು ಬಿಟ್ಟೆನು. ಕೊನೆಗೆ ಮೂಲೆಯಿಂದ ಅಗಲವಾದ, ಚಪ್ಪಟೆಯಾದ, ಅಂಚಿಗೆ ಉಕ್ಕಿನ ಹಲ್ಲುಗಳಿರುವ ಜೊತೆಯೊಂದನ್ನು ತೆಗೆದರು. ಇಡೀ ಪಾದ ಅದರ ಮೇಲೆ ಕೂರುತ್ತದೆ, ಹಲ್ಲು ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತದೆ, ಬೀಳುವ ಹೊತ್ತಿಗೆ ಕಾಲು ತೆಗೆಯಬೇಕೆಂದರೆ ತಕ್ಷಣ ಬಿಡುತ್ತದೆ. ಅದನ್ನು ಹಾಕಿಸಿಕೊಂಡ ದಿನವೇ ಕಕ್ಕಬೆಯ ಏರನ್ನು ಸೈಕಲ್ಲಿನಿಂದ ಇಳಿಯದೆ ಹತ್ತಿದೆನು. ಆ ದಿನ ನನಗಾದ ಸಂತೋಷವನ್ನು ದಾಖಲಿಸಲು ಸರ್ಕಾರಿ ನಮೂನೆಯಲ್ಲಿ ಜಾಗವಿಲ್ಲ.

3. ತಾವು ತನಿಖೆಗೆ ಬಂದಾಗ ಅದನ್ನು ನೋಡಿ, "ಏನಮ್ಮಾ, ಇದು ಪೆಡಲ್ಲೋ ಗರಗಸವೋ? ಹೆಣ್ಮಕ್ಕಳಿಗೆ ಮೆತ್ತಗಿರೋದು ಸಾಕು" ಎಂದು ನಕ್ಕಿರಿ. ಜೀಪಿನಿಂದ ಕೆಳಗಿಳಿಯದೆ ನಕ್ಕದ್ದರಿಂದ ನಾನು ಅದನ್ನು ತಾಂತ್ರಿಕ ಅಭಿಪ್ರಾಯವೆಂದು ಪರಿಗಣಿಸಲಿಲ್ಲ.

4. ಹಲ್ಲಿನ ಪೆಡಲ್ಲಿಗೆ ಒಂದು ದೋಷವಿದೆ, ಒಪ್ಪುತ್ತೇನೆ. ಒಂದು ದಿನ ಸೈಕಲ್ ತಳ್ಳುವಾಗ ಅದು ತಿರುಗಿ ನನ್ನ ಮೊಣಕಾಲ ಕೆಳಗೆ ಕಚ್ಚಿತು. ರಕ್ತ ಸೋರಿಸಿಕೊಂಡು ಮನೆಗೆ ಬಂದೆನು. ನಮ್ಮ ಅಜ್ಜ ಅಪ್ಪಯ್ಯನವರು ಗಾಯ ನೋಡಿದರು, ಪೆಡಲ್ ನೋಡಿದರು. ನಮ್ಮಲ್ಲಿ ಕೈಲ್ ಮುಹೂರ್ತ ಎಂದರೆ ಆಯುಧದ ಹಬ್ಬ ಎಂಬುದು ತಮ್ಮ ಗಮನಕ್ಕೆ ಬಂದಿರಬಹುದು, ಅಂದು ತಮ್ಮ ಕಚೇರಿಗೂ ರಜೆ ಇತ್ತು. ಕೋವಿ, ಕತ್ತಿ ಎಲ್ಲವನ್ನೂ ಮೊದಲೇ ದೇವರ ಕೋಣೆಗೆ ಸೇರಿಸುತ್ತೇವೆ. ಹಬ್ಬದ ದಿನ ಪೂಜೆ ಮಾಡಿ ಹೊರಗೆ ತೆಗೆಯುವವರೆಗೆ ಯಾರೂ ಮುಟ್ಟುವುದಿಲ್ಲ.

ಅಜ್ಜ ಸ್ಪಾನರ್ ತರಿಸಿದರು. "ರಕ್ತ ತೆಗ್ದದ್ ಎಲ್ಲಾ ಆಯುಧವೇ, ಗೂಡೆ. ಹಬ್ಬ ಕಳಿವರೆಗೆ ಇದ್ನ ಮುಟ್ಟಿಕೆ ಇಲ್ಲೆ" ಎಂದರು. ಗೂಡೆ ಎಂದರೆ ನಮ್ಮ ಮಾತಿನಲ್ಲಿ ಹುಡುಗಿ.

"ಅಜ್ಜ, ಅದ್ ಸೈಕಲ್‌ದ್" ಎಂದೆನು.

"ಕೋವಿ ಕೂಡ ಮೊದ್ಲು ಬರೀ ಕೊಳವೆನೇ" ಎಂದರು.

ಬಿಚ್ಚಿಸಿಯೇ ಬಿಟ್ಟರು. ಪೆಡಲ್ಲುಗಳು ಅಜ್ಜನ ಕೋವಿಯ ಪಕ್ಕದಲ್ಲಿ ಕುಳಿತವು. ನಾನೂ ಅವನ್ನು ಮುಟ್ಟಲಿಲ್ಲ. ಮುಟ್ಟಬಾರದೆಂದ ಮೇಲೆ ನಮ್ಮ ಮನೆಯಲ್ಲಿ ಹುಟ್ಟಿದವರು ಮುಟ್ಟುವುದಿಲ್ಲ.

ತಮ್ಮ ಮೆಮೊದಲ್ಲಿ ಇದಕ್ಕೆ "ಮೂಢನಂಬಿಕೆ" ಎಂದು ಬರೆದಿದ್ದೀರಿ. ಕಳೆದ ವರ್ಷದ ಆಯುಧ ಪೂಜೆಗೆ ತಮ್ಮ ಕಚೇರಿಯ ಟೈಪ್‌ರೈಟರಿಗೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಆ ವಾರವಿಡೀ ಯಾರೂ ಅದನ್ನು ಮುಟ್ಟಲಿಲ್ಲ. ನನ್ನ ರಜೆಯ ಅರ್ಜಿ ಪ್ರಸಾದದ ಕೆಳಗೆ ಬಿದ್ದಿತ್ತು. ಟೈಪ್‌ರೈಟರ್ ಆಯುಧವಾಗಬಹುದಾದರೆ ಪೆಡಲ್ ಏಕಾಗಬಾರದು? ಟೈಪ್‌ರೈಟರಿನಷ್ಟು ಜನರನ್ನು ಅದು ಗಾಯಗೊಳಿಸಿಲ್ಲ ಎಂಬುದು ಮಾತ್ರ ನಿಜ. ಇನ್ನು ಆಯುಧವೆಂದೇ ಆದರೂ, ನಮ್ಮಂಥ, ರಾಜರ ಕಾಲದಿಂದ ಬಂದ ಜಮ್ಮಾ ಹಿಡುವಳಿಯ ಮನೆಗಳಿಗೆ ಕೋವಿಗೇ ಲೈಸೆನ್ಸ್ ಬೇಡ. ಆದಕಾರಣ, ಪೆಡಲ್ಲಿಗೂ ಬೇಡ.

5. ಈ ಮಧ್ಯೆ ತಾವು ಸುಧಾರಿತ ತಳಿಯ ಬಿಳಿ ಹುಂಜವೊಂದನ್ನು ಕಳುಹಿಸಿ, ಮೇಲಿನ ಊರಿನ ಬೊಳ್ಳಮ್ಮನವರಿಗೆ ತಲುಪಿಸಲು ಆಜ್ಞಾಪಿಸಿದಿರಿ. ಹಬ್ಬ ಕಳೆಯಲಿ ಎಂದು ಕೇಳಿಕೊಂಡೆನು. "ಕೂಡಲೇ" ಎಂದು ಬರೆದು ಅಡಿಗೆರೆ ಎಳೆದಿರಿ. ಆದ್ದರಿಂದ ತಮ್ಮ ರಬ್ಬರ್ ಪೆಡಲ್ ಮತ್ತೆ ಹಾಕಿಸಿ, ಹುಂಜವನ್ನು ಬುಟ್ಟಿಯಲ್ಲಿ ಹಿಂದೆ ಕಟ್ಟಿಕೊಂಡು ಹೊರಟೆನು. ತೋಡಿನ (ಸಣ್ಣ ಹೊಳೆಯ) ಇಳಿಜಾರಿನಲ್ಲಿ ಎಡಗಾಲು ಜಾರಿತು. ನಾನು, ಸೈಕಲ್ ಹಾಗೂ ಸರ್ಕಾರದ ಹುಂಜ ಮೂವರೂ ತೋಡಿಗೆ ಬಿದ್ದೆವು. ನಾನು ಮತ್ತು ಸೈಕಲ್ ಮೇಲೆ ಬಂದೆವು. ಹುಂಜವು ಪಕ್ಕದ ಎಸ್ಟೇಟಿನ ಕಾಫಿ ಗಿಡಗಳೊಳಗೆ ನುಗ್ಗಿ ಇದುವರೆಗೆ ಕರ್ತವ್ಯಕ್ಕೆ ಹಾಜರಾಗಿರುವುದಿಲ್ಲ. ಅದರ ಮೇಲೆ ಕ್ರಮ ಕೈಗೊಳ್ಳದೆ ನನ್ನ ಮೇಲೆ ಮಾತ್ರ ಕೈಗೊಂಡಿರುವುದು ತಾರತಮ್ಯ.

6. ಸೈಕಲ್ ಕೊಡಬೇಕೆಂದಿರುವ ಶ್ರೀ ನಾಣಯ್ಯನವರ ಬಳಿ ಈಗಾಗಲೇ ಒಂದು ಸರ್ಕಾರಿ ಸೈಕಲ್ ಇದೆ. ಅದರ ಕ್ಯಾರಿಯರ್ ಮೇಲೆ ಅವರ ಮನೆಯವರು ಹಲಸಿನ ಬೀಜ ಒಣಗಿಸುತ್ತಾರೆ. ಅವರೂ ಎರಡು ಸಲ ಬಿದ್ದಿದ್ದಾರೆ. ಆಗ ತಾವು ಮೆಮೊದಲ್ಲಿ "ರಸ್ತೆ ಸರಿಯಿಲ್ಲ" ಎಂದು ಬರೆದಿರಿ. ನಾನು ಒಮ್ಮೆ ಬಿದ್ದಾಗ ಹೆಂಗಸು ಸರಿಯಿಲ್ಲ ಎಂದಾಯಿತು. ಒಂದೇ ರಸ್ತೆ, ಸ್ವಾಮಿ. ಒಂದೇ ರಬ್ಬರು.

7. ಇನ್ನು ಮೆಮೊದಲ್ಲಿ ಕೇಳದೇ ಇದ್ದರೂ ಹೇಳಬೇಕಾದ ವಿಷಯ. ನನ್ನ ಗಂಡ ತೀರಿಕೊಂಡ ಮೇಲೆ ನಾನು ತವರಿನಲ್ಲಿದ್ದೇನೆ. ಅಣ್ಣ ಕುಶಾಲಪ್ಪ ಕೆಟ್ಟವನಲ್ಲ. ಚಾದಂಗಡಿಯಲ್ಲಿ ಮೆಮೊ ಕೇಳಿಸಿಕೊಂಡು ಬಂದ ದಿನ ಊಟಕ್ಕೆ ಕುಳಿತು, "ಸೈಕಲ್ ಹೋತಲ್ಲ, ಇನ್ ಕೆಲ್ಸ ಬುಡು. ಮನೇಲೇ ಇರ್, ನಿಂಗೆ ಎಂಥ ಕಮ್ಮಿ ಉಟ್ಟು?" ಎಂದ. ಅತ್ತಿಗೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು. ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆನು. ಕಾಲ್ನಡಿಗೆಯಲ್ಲಿ ನನ್ನ ವೃತ್ತದ ಊರುಗಳು ಮುಗಿಯುವುದಿಲ್ಲ. ಮುಗಿಯದಿದ್ದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ನಾನು ಆ ಮನೆಯಲ್ಲಿ ಇನ್ನೊಬ್ಬರು ಹಾಕಿದ ಸಾರನ್ನು ಒಳ್ಳೆಯ ಮಾತಿನ ಜೊತೆಗೆ ಉಣ್ಣುತ್ತಾ ಮುದುಕಿಯಾಗುತ್ತೇನೆ. ನನಗೆ ಭಯವಾಗುತ್ತಿದೆ. ತೋಡಿಗೆ ಬೀಳುವಾಗಲೂ ಇಷ್ಟು ಆಗಿರಲಿಲ್ಲ.

ಆದ್ದರಿಂದ ಪ್ರಾರ್ಥನೆ ಏನೆಂದರೆ, ಆಜ್ಞೆಯನ್ನು ರದ್ದುಪಡಿಸಬೇಕು. ಹಬ್ಬ ಮುಗಿದು, ಅಜ್ಜ ಗಂಧ ಹಚ್ಚಿ, ಕೋವಿಗೆ ಮುಡಿಸುವ ಕೋವಿ ಹೂವನ್ನೇ ಮುಡಿಸಿ ಹೊರಗೆ ತೆಗೆದುಕೊಟ್ಟ ಹಲ್ಲಿನ ಪೆಡಲ್ಲುಗಳನ್ನು ಸರ್ಕಾರಿ ಸೈಕಲ್ಲಿನಲ್ಲಿ ಕಾಯಂ ಆಗಿ ಇರಿಸಿಕೊಳ್ಳಲು ಅನುಮತಿಸಬೇಕು. ಇದರಲ್ಲಿ ಸಂದೇಹವಿದ್ದರೆ ತಾವೇ ಕಕ್ಕಬೆಗೆ ದಯಮಾಡಿಸಿ, ರಬ್ಬರ್ ಪೆಡಲ್ ಹಾಕಿದ ಸೈಕಲ್ಲಿನಲ್ಲಿ ತೋಡಿನವರೆಗೆ ಇಳಿದು ತೋರಿಸಬೇಕು. ಒಣ ಪಂಚೆಯನ್ನು ನಮ್ಮ ಮನೆಯಿಂದ ಒದಗಿಸಲಾಗುವುದು.

ತಮ್ಮಲ್ಲಿ ವಿಶ್ವಾಸವನ್ನು ಇನ್ನೂ ಪೂರ್ತಿ ಕಳೆದುಕೊಳ್ಳದ,
(ಸಹಿ) ಪೂವಮ್ಮ

ಲಗತ್ತುಗಳು:
ಅ) ರಬ್ಬರ್ ಪೆಡಲ್, ಒಂದು ಜೊತೆ, ತೊಳೆದು.
ಆ) ಹುಂಜದ ಬಾಲದ ಗರಿ, ಒಂದು. ಉಳಿದದ್ದು ಸಿಕ್ಕ ಕೂಡಲೇ ಸಲ್ಲಿಸಲಾಗುವುದು.

ವಿಶೇಷ ಸೂಚನೆ: ಸೋಮವಾರ ತಮ್ಮ ಜೀಪು ಸೈಕಲ್ ಒಯ್ಯಲು ಬರುವುದೆಂದು ತಿಳಿದುಬಂದಿದೆ. ಆ ದಿನ ಸೈಕಲ್ ಮನೆಯಲ್ಲಿರುವುದಿಲ್ಲ. ಗ್ರಾಮಸೇವಿಕೆಯು ಮಹಿಳೆಯರಿಗೆ ಉಪಯುಕ್ತ ವಿದ್ಯೆಗಳನ್ನು ಕಲಿಸತಕ್ಕದ್ದೆಂಬ ಸುತ್ತೋಲೆಯ ಪ್ರಕಾರ, ಎಸ್ಟೇಟಿನ ಕೂಲಿ ಲೈನಿನ ಚಿನ್ನಿ ಎಂಬ ಕೆಲಸದಾಕೆಗೆ ನಾನು ಸೈಕಲ್ ಕಲಿಸುತ್ತಿದ್ದೇನೆ. ಹತ್ತುವುದನ್ನು, ತುಳಿಯುವುದನ್ನು, ಇಳಿಜಾರನ್ನು ಚೆನ್ನಾಗಿ ಕಲಿತಿದ್ದಾಳೆ. ಬ್ರೇಕಿನ ಪಾಠ ಇನ್ನೂ ಆಗಿಲ್ಲ. ಅವಳು ಎದುರಿಗೆ ಬಂದಲ್ಲಿ ಜೀಪನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟುಕೊಡಬೇಕಾಗಿ ತಮ್ಮ ಚಾಲಕನಿಗೆ ಲಿಖಿತ ಆದೇಶ ನೀಡಲು ಕೋರಿದೆ.